ಗಾಳಿ, ನೀರು, ದನಿ: ಹಂಚಿಕೊಂಡು ಬೆಳೆದ ನಾರ್ಡಿಕ್ ನಾಡುಗಳು

ಕಳೆದ ಬೇಸಿಗೆಯಲ್ಲಿ ಪಾವಗಡದಿಂದ ತಿರುಮಣಿ ಕಡೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಿಟಕಿಯಾಚೆ ಕಣ್ಣು ಹಾಯುವಷ್ಟು ದೂರ ಸೌರ ಫಲಕಗಳು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಇದ್ರಾಗೆ ಒಂದಷ್ಟು ಫಿನ್‌ಲೆಂಡಿನೋರು ಕಟ್ಟಿದ್ದಂತೆ. ಎಲ್ಲೈತೆ ಸ್ವಾಮಿ ಆ ದೇಶ?" ಎಂದು ಕೇಳಿದರು. ಮೂವತ್ತು ವರ್ಷ ಮುಂಬೈಯಲ್ಲಿ ಟೆಲಿಫೋನ್ ಉಪಕರಣಗಳ ನಡುವೆ ಕಳೆದ ನನಗೆ ನಗು ಬಂತು. "ಸ್ವಲ್ಪ ನಿಮ್ಮ ಜೇಬಿನಾಗೂ ಐತೆ" ಎಂದೆ. ಅವರು ಮೊಬೈಲ್ ತೆಗೆದು ತಿರುಗಿಸಿ ನೋಡಿದರು.

ಆ ಮಾತು ತಮಾಷೆಗೆ ಆಡಿದ್ದಲ್ಲ. ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಫಿನ್‌ಲೆಂಡ್, ಐಸ್‌ಲೆಂಡ್ ಈ ಐದೂ ನಾರ್ಡಿಕ್ ದೇಶಗಳ ಜನರನ್ನು ಒಟ್ಟು ಸೇರಿಸಿದರೂ ಕರ್ನಾಟಕದ ಅರ್ಧದಷ್ಟಾಗುವುದಿಲ್ಲ. ಆದರೂ ಮೊಬೈಲ್ ಮತ್ತು ಗಾಳಿ ವಿದ್ಯುತ್ತಿನಲ್ಲಿ ಅವು ಜಗತ್ತಿಗೇ ದಾರಿ ತೋರಿದವು. ಅಲ್ಲಿನವರ ಜಾಣತನ ಒಂದು ಕಾರಣವಿರಬಹುದು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಕಾರಣ, ಒಬ್ಬರೇ ಮಾಡಿದರೆ ಸಾಲದು ಎಂಬ ಅರಿವು.

ಗಡಿ ದಾಟಿದ ಫೋನು

1969ರಲ್ಲಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಫಿನ್‌ಲೆಂಡ್ ದೇಶಗಳ ದೂರಸಂಪರ್ಕ ಇಲಾಖೆಗಳು ಒಂದು ಜಂಟಿ ತಂಡ ಕಟ್ಟಿದವು. ಸ್ಟಾಕ್‌ಹೋಮಿನಲ್ಲಿ ಹೊರಟ ಕಾರಿನ ಫೋನು ಓಸ್ಲೋದಲ್ಲೂ ಕೆಲಸ ಮಾಡಬೇಕು ಎಂಬುದು ಗುರಿ. ಹನ್ನೆರಡು ವರ್ಷಗಳ ಕೆಲಸದ ಬಳಿಕ 1981ರಲ್ಲಿ ಎನ್‌ಎಂಟಿ ಎಂಬ ಜಾಲ ಶುರುವಾಯಿತು. ಇಂದು ನಾವು ರೋಮಿಂಗ್ ಎನ್ನುವ ಸೌಲಭ್ಯ ಅದರಲ್ಲೇ ಇತ್ತು.

ತಂತ್ರಜ್ಞಾನಕ್ಕಿಂತ ನನಗೆ ಹಿಡಿಸಿದ್ದು ಬೇರೊಂದು ನಿರ್ಧಾರ. ಆ ಜಾಲದ ವಿನ್ಯಾಸವನ್ನು ಅವರು ಗುಟ್ಟಾಗಿಡಲಿಲ್ಲ. ಯಾವ ಕಂಪನಿ ಬೇಕಾದರೂ ಅದಕ್ಕೆ ಫೋನು, ಉಪಕರಣ ತಯಾರಿಸಬಹುದಿತ್ತು. ಹೊರಗಿನವರು ಪೈಪೋಟಿಗೆ ಬಂದರು, ಬೆಲೆ ಇಳಿಯಿತು, ಆ ಪೈಪೋಟಿಯಲ್ಲೇ ಎರಿಕ್ಸನ್ ಮತ್ತು ನೋಕಿಯಾ ಪಳಗಿದವು. ಬಾಗಿಲು ತೆರೆದಿಟ್ಟರೆ ಮನೆ ಲೂಟಿಯಾಗುತ್ತದೆ ಎಂದು ಹೆದರುವವರು ಈ ಕಥೆ ಓದಬೇಕು.

ಇದೇ ಅನುಭವ ಯುರೋಪಿನ ಜಿಎಸ್‌ಎಂ ವ್ಯವಸ್ಥೆಗೆ ಬುನಾದಿಯಾಯಿತು. 1987ರಲ್ಲಿ ಕೋಪನ್‌ಹೇಗನ್‌ನಲ್ಲಿ 13 ದೇಶಗಳು ಅದಕ್ಕೆ ಸಹಿ ಹಾಕಿದವು. 1991ರ ಜುಲೈ 1ರಂದು ಫಿನ್‌ಲೆಂಡಿನ ಮಾಜಿ ಪ್ರಧಾನಿ ಹ್ಯಾರಿ ಹೋಲ್ಕೆರಿ ಮೊದಲ ಜಿಎಸ್‌ಎಂ ಕರೆ ಮಾಡಿದರು. ನಾಲ್ಕು ವರ್ಷಗಳ ನಂತರ, 1995ರ ಜುಲೈ 31ರಂದು, ಕೊಲ್ಕತ್ತಾದಿಂದ ಜ್ಯೋತಿ ಬಸು ದೆಹಲಿಯಲ್ಲಿದ್ದ ಸಚಿವ ಸುಖ್‌ರಾಮ್ ಅವರಿಗೆ ಮೊಬೈಲಿನಲ್ಲಿ ಮಾತಾಡಿದರು. ಸೇವೆ ನೀಡಿದ್ದು ಭಾರತ ಮತ್ತು ಆಸ್ಟ್ರೇಲಿಯಾದ ಪಾಲುದಾರಿಕೆಯ ಮೋದಿ ಟೆಲ್‌ಸ್ಟ್ರಾ, ಉಪಕರಣ ನೋಕಿಯಾದ್ದು. ಊರಿನ ಸುದ್ದಿಗಾಗಿ ರಾತ್ರಿ ಹನ್ನೊಂದರ ನಂತರ ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಂತಿದ್ದ ನಮ್ಮ ಪೀಳಿಗೆಗೆ ಆ ಕರೆ ಏನು ತಂದಿತೆಂದು ಬಿಡಿಸಿ ಹೇಳಬೇಕಿಲ್ಲ.

ಗಾಳಿ ನಿನ್ನದು, ನೀರು ನನ್ನದು

1973ರ ತೈಲ ಬಿಕ್ಕಟ್ಟು ಡೆನ್ಮಾರ್ಕನ್ನು ಬೆಚ್ಚಿಬೀಳಿಸಿತು. ಅದು ಬಳಸುತ್ತಿದ್ದ ಶಕ್ತಿಯಲ್ಲಿ ಶೇ. 90ರಷ್ಟು ಆಮದು ತೈಲದಿಂದಲೇ ಬರುತ್ತಿತ್ತು. ದೇಶ ಚಪ್ಪಟೆ, ದೊಡ್ಡ ನದಿಗಳಿಲ್ಲ, ಇರುವುದು ಗಾಳಿ. 1991ರಲ್ಲಿ ವಿಂಡೆಬಿ ಎಂಬಲ್ಲಿ 11 ಗಾಳಿಯಂತ್ರಗಳನ್ನು ನಿಲ್ಲಿಸಿ, ಸಮುದ್ರದೊಳಗೆ ಗಾಳಿ ವಿದ್ಯುತ್ ಸ್ಥಾವರ ಕಟ್ಟಿದ ಮೊದಲ ದೇಶವಾಯಿತು. ಇಂದು ಡೆನ್ಮಾರ್ಕಿನ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯದು.

ಗಾಳಿ ನಿಂತಾಗ ಏನು ಮಾಡುವುದು? ಉತ್ತರ ಸಮುದ್ರದಾಚೆ ಇತ್ತು. ನಾರ್ವೆಯಲ್ಲಿ ಬೆಟ್ಟಗಳಿವೆ, ಜಲಾಶಯಗಳಿವೆ. ಅದರ ವಿದ್ಯುತ್ತು ಬಹುಪಾಲು ನೀರಿನದು. 1976-77ರಲ್ಲಿ ಸ್ಕಾಗೆರಾಕ್ ಸಮುದ್ರದ ತಳದಲ್ಲಿ ಎರಡೂ ದೇಶಗಳ ನಡುವೆ ಕೇಬಲ್ ಹಾಸಿದರು. ಡೆನ್ಮಾರ್ಕಿನಲ್ಲಿ ಗಾಳಿ ಜೋರಾಗಿ ಬೀಸಿದಾಗ ಆ ವಿದ್ಯುತ್ತು ನಾರ್ವೆಗೆ ಹೋಗುತ್ತದೆ, ಅಲ್ಲಿ ನೀರು ಅಣೆಕಟ್ಟಿನಲ್ಲೇ ಉಳಿಯುತ್ತದೆ. ಗಾಳಿ ನಿಂತಾಗ ನಾರ್ವೆ ಗೇಟು ತೆರೆಯುತ್ತದೆ. ಪಕ್ಕದ ಮನೆಯವರ ಅಣೆಕಟ್ಟೇ ಇವರ ಬ್ಯಾಟರಿ. 1996ರಲ್ಲಿ ನಾರ್ವೆ ಮತ್ತು ಸ್ವೀಡನ್ ಸೇರಿ ದೇಶಗಳ ಗಡಿ ಮೀರಿದ ಮೊದಲ ವಿದ್ಯುತ್ ಮಾರುಕಟ್ಟೆ ತೆರೆದವು. ಬಳಿಕ ಫಿನ್‌ಲೆಂಡ್, ಡೆನ್ಮಾರ್ಕ್ ಕೂಡಿಕೊಂಡವು.

ಇಂಥ ಕೇಬಲ್‌ಗಳಲ್ಲಿ ಹರಿಯುವುದು ಅಧಿಕ ಒತ್ತಡದ ಡಿಸಿ ವಿದ್ಯುತ್ತು. 1954ರಲ್ಲಿ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪಕ್ಕೆ ಅಸಿಯಾ ಕಂಪನಿ ಅದನ್ನು ಮುಟ್ಟಿಸಿತು. ಆ ಕಂಪನಿ 1988ರಲ್ಲಿ ಸ್ವಿಸ್ ಕಂಪನಿಯೊಂದರ ಜೊತೆ ಸೇರಿ ಎಬಿಬಿ ಆಯಿತು. ಎಬಿಬಿ ಮತ್ತು ನಮ್ಮ ಬಿಎಚ್‌ಇಎಲ್ ಜೊತೆಯಾಗಿ ಕಟ್ಟಿದ ಮಾರ್ಗವೊಂದು 1999ರಿಂದ ಚಂದ್ರಪುರದ ವಿದ್ಯುತ್ತನ್ನು ಕಲ್ಯಾಣದಾಚೆಯ ಪಡಘಾಕ್ಕೆ ತರುತ್ತಿದೆ. ಡೊಂಬಿವಲಿಯ ನನ್ನ ಮನೆಯ ದೀಪಕ್ಕೂ ಆ ಸ್ವೀಡನ್ನಿನ ದ್ವೀಪಕ್ಕೂ ಹೀಗೊಂದು ನಂಟು. ಚೆನ್ನೈ ಓದುಗರಿಗೂ ಇಂಥದೊಂದು ನಂಟಿದೆ. ತಮಿಳುನಾಡು ಮತ್ತು ಗುಜರಾತಿನಲ್ಲಿ ಪ್ರಾಯೋಗಿಕ ಗಾಳಿ ಸ್ಥಾವರಗಳು ಎದ್ದದ್ದು ಡೆನ್ಮಾರ್ಕ್ ಸರ್ಕಾರದ ನೆರವಿನಿಂದ.

ಪಾಲಿಲ್ಲದವರ ಮಾತು

ಹಂಚಿಕೊಳ್ಳುವುದೆಂದರೆ ನಷ್ಟವನ್ನೂ ಹಂಚಿಕೊಳ್ಳಬೇಕು. ಯುರೋಪಿನಲ್ಲಿ ವಿದ್ಯುತ್ ದುಬಾರಿಯಾದಾಗ ಕೇಬಲ್‌ಗಳ ಮೂಲಕ ಆ ಬೆಲೆ ದಕ್ಷಿಣ ನಾರ್ವೆಯ ಮನೆಗಳಿಗೂ ಬಂತು. ನಮ್ಮ ನೀರು, ನಮಗೇ ದುಬಾರಿಯೇ ಎಂದು ಜನ ಸಿಟ್ಟಾದರು. 2025ರ ಜನವರಿಯಲ್ಲಿ ಯುರೋಪಿನ ಇಂಧನ ನಿಯಮಗಳ ಜಗಳದಲ್ಲೇ ಅಲ್ಲಿನ ಮೈತ್ರಿ ಸರ್ಕಾರ ಮುರಿಯಿತು. ಹಳೆಯ ಸ್ಕಾಗೆರಾಕ್ ಕೇಬಲ್‌ಗಳನ್ನು ಬದಲಿಸಬೇಕೇ ಎಂಬ ಪ್ರಶ್ನೆಯೂ ಎದ್ದಿತು.

ಪಾಲುದಾರಿಕೆಯ ಮೇಜಿಗೆ ಕರೆಸಿಕೊಳ್ಳದವರ ಕಥೆ ಇನ್ನೂ ಕಹಿ. ನಾರ್ವೆಯ ಫೋಸೆನ್‌ನಲ್ಲಿ ವಿದೇಶಿ ಹಣವೂ ಸೇರಿ ಗಾಳಿಯಂತ್ರಗಳು ಎದ್ದವು. ಅದು ಸಾಮಿ ಜನರು ಹಿಮಸಾರಂಗ ಮೇಯಿಸುತ್ತಿದ್ದ ನೆಲ. 151 ಯಂತ್ರಗಳ ಈ ಯೋಜನೆಯ ಪರವಾನಗಿ ಸಾಮಿಗಳ ಹಕ್ಕಿಗೆ ವಿರುದ್ಧ ಎಂದು 2021ರಲ್ಲಿ ನಾರ್ವೆಯ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಯಂತ್ರಗಳು ಮಾತ್ರ ತಿರುಗುತ್ತಲೇ ಇದ್ದವು. 2023ರಲ್ಲಿ ಯುವಕರು ಓಸ್ಲೋದ ಸಚಿವಾಲಯದಲ್ಲಿ ಧರಣಿ ಕೂತ ಮೇಲೆ ಸರ್ಕಾರ ಕ್ಷಮೆ ಕೇಳಿತು, ಆಮೇಲೆ ಒಪ್ಪಂದಗಳಾದವು.

ಡೆನ್ಮಾರ್ಕಿನಲ್ಲಿ ಇದಕ್ಕೆ ತಿರುಗುಮುರುಗಾದ ಅನುಭವವೂ ಇದೆ. ಅಲ್ಲಿ ಗಾಳಿಯಂತ್ರಗಳಿಗೆ ಮೊದಲು ಹಣ ಹಾಕಿದವರಲ್ಲಿ ಊರಿನವರೇ ಇದ್ದರು. ಸಹಕಾರಿ ಸಂಘಗಳ ಮೂಲಕ ಲಕ್ಷಕ್ಕೂ ಹೆಚ್ಚು ಕುಟುಂಬಗಳು ಷೇರು ಹೊಂದಿದ್ದವು. ಹೊಸ ಯೋಜನೆಯಲ್ಲಿ ಕನಿಷ್ಠ ಶೇ. 20ರ ಪಾಲನ್ನು ಸುತ್ತಲಿನವರಿಗೆ ನೀಡಲು ಮುಂದಾಗಬೇಕೆಂದು 2009ರಲ್ಲಿ ಕಾಯ್ದೆಯೇ ಬಂತು, ಸುಮಾರು ಒಂದು ದಶಕ ಜಾರಿಯಲ್ಲಿತ್ತು. ಕಿಟಕಿಯಾಚೆ ಸದ್ದು ಮಾಡುವ ಯಂತ್ರದಲ್ಲಿ ತನ್ನದೂ ಪಾಲಿದ್ದರೆ ಆ ಸದ್ದು ಅಷ್ಟು ಕಾಡುವುದಿಲ್ಲ.

ಈಗ ಪಾವಗಡಕ್ಕೆ ಮರಳುತ್ತೇನೆ. ಸುಮಾರು 13,000 ಎಕರೆ, 2,050 ಮೆಗಾವಾಟ್. ಇದರಲ್ಲಿ ಒಂದಷ್ಟು ಘಟಕಗಳನ್ನು ಕಟ್ಟಿದ ಫೋರ್ಟಮ್‌ನಲ್ಲಿ ಫಿನ್‌ಲೆಂಡ್ ಸರ್ಕಾರದ್ದೇ ಹೆಚ್ಚಿನ ಪಾಲು. ಕೆಲವು ವರ್ಷಗಳಲ್ಲೇ ಅದು ಆ ಆಸ್ತಿಯ ಹೆಚ್ಚಿನ ಭಾಗವನ್ನು ಬೇರೆ ಹೂಡಿಕೆದಾರರಿಗೆ ಮಾರಿತು. ವ್ಯವಹಾರದಲ್ಲಿ ಅದು ತಪ್ಪಲ್ಲ. ಇಲ್ಲಿ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದೂ ಒಳ್ಳೆಯ ನಡೆಯೇ. ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ನೆಲಕ್ಕೆ ಅದು ಸಣ್ಣ ಮೊತ್ತವಲ್ಲ.

ಆದರೆ ಅದು ಬಾಡಿಗೆ, ಪಾಲಲ್ಲ. ಜಮೀನಿಲ್ಲದವರಿಗೆ ಬಾಡಿಗೆಯೂ ಇಲ್ಲ. ಬಸ್ಸಿನಲ್ಲಿ ಸಿಕ್ಕ ಹಿರಿಯರಿಗೆ ಆರು ಎಕರೆಯ ದುಡ್ಡು ಬರುತ್ತದೆ. ಅವರ ಹೊಲದಲ್ಲಿ ಕೂಲಿ ಮಾಡುತ್ತಿದ್ದಾತ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನಂತೆ. "ಅವನಿಗೇನು ಸಿಕ್ತು ಸ್ವಾಮಿ?" ಎಂದು ಅವರೇ ಕೇಳಿದರು.

ದೂರದ ಊರುಗಳಲ್ಲಿರುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ತುಂಡು ಜಮೀನಿದೆ. ನಾಳೆ ಗಾಳಿಯದೋ ಬಿಸಿಲಿನದೋ ಗುತ್ತಿಗೆ ಪತ್ರ ಸಹಿಗೆ ಬಂದರೆ, ಎಕರೆಗೆ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಯೋಜನೆಯಲ್ಲಿ ಊರಿಗೆ ಪಾಲೆಷ್ಟು, ನೆಲವಿಲ್ಲದವರಿಗೆ ಏನು, ಕಂಪನಿ ಕೈ ಬದಲಿಸಿದರೆ ಕರಾರಿನ ಗತಿಯೇನು ಎಂದೂ ಕೇಳಿ. ಅವೇನು ಅತಿಯಾಸೆಯ ಪ್ರಶ್ನೆಗಳಲ್ಲ. ಡೆನ್ಮಾರ್ಕಿನ ರೈತರು ಕೇಳಿದ್ದರು, ಉತ್ತರವನ್ನೂ ಪಡೆದಿದ್ದರು.