ಕೃಶಶರೀರವೂ ಓಟವೂ

“ಮೈಯಲ್ಲಿ ಮಾಂಸವಿಲ್ಲದವರಿಗೆ ಓಟವೇಕೆ?” ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವುದುಂಟು. ಸ್ವಭಾವತಃ ಕೃಶರಾದ ಮಕ್ಕಳು ಓಟದಲ್ಲಿ ಆಸಕ್ತರಾದರೆ, ಇದ್ದ ಮಾಂಸವೂ ಕರಗಿಹೋದೀತೆಂದು ತಾಯಂದಿರು ಅಂಜುವರು. ಈ ಅಂಜಿಕೆಯು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ವಿಚಾರಿಸತಕ್ಕದ್ದಾಗಿದೆ.

ದೂರದ ಓಟಕ್ಕೆ ಲಘುವಾದ ದೇಹವು ಅನುಕೂಲವೆಂಬುದು ನಿರ್ವಿವಾದ. ೨೦೨೨ರಲ್ಲಿ ಬರ್ಲಿನ್ ನಗರದ ಮ್ಯಾರಥಾನ್ ಓಟವನ್ನು ೨ ಗಂಟೆ ೧ ನಿಮಿಷ ೯ ಸೆಕೆಂಡುಗಳಲ್ಲಿ ಮುಗಿಸಿದ ಕೀನ್ಯಾ ದೇಶದ ಎಲಿಯುಡ್ ಕಿಪ್ಚೋಗೆಯವರ ತೂಕವು ಸುಮಾರು ೫೨ ಕಿಲೋಗ್ರಾಂ ಮಾತ್ರ. ದೀರ್ಘವಾದ ಓಟವು ಮಾಂಸಖಂಡಗಳಿಗೆ ತಾಳಿಕೆಯನ್ನು ಕೊಡುವುದೇ ಹೊರತು ಗಾತ್ರವನ್ನಲ್ಲ. ಚರಕಾಚಾರ್ಯರು ಅತಿಸ್ಥೂಲರನ್ನೂ ಅತಿಕೃಶರನ್ನೂ ನಿಂದ್ಯರೆಂದು ಎಣಿಸಿದರೂ, ಈ ಎರಡರಲ್ಲಿ ಕಾರ್ಶ್ಯವೇ ಮೇಲೆಂದು ಅಭಿಪ್ರಾಯಪಟ್ಟಿದ್ದಾರೆ.

ಈ ಪ್ರಮಾಣವನ್ನೇ ಹಿಡಿದು ನಾವು ಒಮ್ಮೆ ತಪ್ಪಿದೆವು. ನಮ್ಮ ಮೊಮ್ಮಗಳು ೧೭ ವರ್ಷದವಳು, ಹುಟ್ಟಿನಿಂದ ತೆಳುಮೈಯವಳು, ನಿತ್ಯವೂ ಬೆಳಗಿನಲ್ಲಿ ಓಡುವ ಅಭ್ಯಾಸವುಳ್ಳವಳು. “ಮಾವನವರೇ, ಹುಡುಗಿ ಇಳಿದುಹೋಗುತ್ತಿದ್ದಾಳೆ” ಎಂದು ಸೊಸೆಯು ಹೇಳಿದಾಗ, “ಅದು ಅವಳ ಪ್ರಕೃತಿಯಮ್ಮ” ಎಂದು ಚರಕರ ಮಾತನ್ನು ಹೇಳಿ ಸಮಾಧಾನಪಡಿಸಿದೆವು. ಕೆಲವು ದಿನಗಳಲ್ಲಿ ಅವಳಿಗೆ ಮೊಣಕಾಲಿನ ಕೆಳಗಿನ ಎಲುಬು ನೋಯತೊಡಗಿತು. ಮೈ ಹಗುರವಾದರೆ ವೇಗವು ಹೆಚ್ಚೀತೆಂದು ಅವಳು ರಾತ್ರಿಯ ಊಟವನ್ನು ಬಿಡುತ್ತಿದ್ದುದೂ, ನಾಲ್ಕು ತಿಂಗಳಿಂದ ಮುಟ್ಟು ನಿಂತಿದ್ದುದೂ ವೈದ್ಯರ ಮುಂದೆ ಹೊರಬಿದ್ದವು.

ಪ್ರಕೃತಿಯಿಂದ ಬಂದ ಕಾರ್ಶ್ಯವೇ ಬೇರೆ, ಆಹಾರದ ಕೊರತೆಯಿಂದ ಬಂದ ಕಾರ್ಶ್ಯವೇ ಬೇರೆ. ಓಟದ ವೆಚ್ಚಕ್ಕೆ ಆಹಾರವು ಸಾಲದೆಹೋದರೆ ಶರೀರವು ತನ್ನ ಮಾಂಸವನ್ನೇ ಇಂಧನವನ್ನಾಗಿ ಮಾಡಿಕೊಳ್ಳುವುದು, ಋತುಧರ್ಮವನ್ನು ನಿಲ್ಲಿಸುವುದು, ಎಲುಬಿನ ಪೋಷಣೆಯನ್ನು ಕಡಮೆಮಾಡುವುದು. ಹೀಗೆ ದುರ್ಬಲವಾದ ಎಲುಬು ಓಟದ ಪೆಟ್ಟಿಗೆ ಸೀಳುಬಿಡುವ ಸಂಭವವುಂಟು. ಮುಟ್ಟು ಮೂರು ತಿಂಗಳು ನಿಂತಿತೆಂದರೆ ವೈದ್ಯರನ್ನು ಕಾಣಲೇಬೇಕು. ಗಂಡುಮಕ್ಕಳೂ ಈ ಅಪಾಯಕ್ಕೆ ಹೊರತಲ್ಲ. ತೀರದ ಆಯಾಸ, ಪದೇಪದೇ ಆಗುವ ನೋವುಗಳು, ಕಾರಣವಿಲ್ಲದೆ ಇಳಿಯುವ ತೂಕ, ಇವನ್ನು ಅವರಲ್ಲಿಯೂ ಗಮನಿಸತಕ್ಕದ್ದು.

ಪರಿಹಾರವು ಅಡಿಗೆಮನೆಯಿಂದಲೇ ಆರಂಭವಾಗತಕ್ಕದ್ದು. ಸಾಮಾನ್ಯರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೦.೮೩ ಗ್ರಾಂ ಪ್ರೋಟೀನು ಸಾಕೆಂದು ನಮ್ಮ ದೇಶದ ಪೋಷಣತಜ್ಞರು ೨೦೨೦ರಲ್ಲಿ ವಿಧಿಸಿದ್ದಾರೆ. ನಿತ್ಯ ಓಡುವವರಿಗೆ ೧.೨ ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬೇಕು. ಎಂದರೆ ೫೦ ಕಿಲೋಗ್ರಾಂ ತೂಗುವವರಿಗೆ ೬೦ ಗ್ರಾಂ. ಬೇಳೆ, ಮೊಳಕೆಕಾಳು, ಹುರಿಗಡಲೆ, ಕಡಲೆಕಾಯಿ, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಇವುಗಳಿಂದಲೇ ಅದನ್ನು ಒದಗಿಸಬಹುದು; ಡಬ್ಬಿಯ ಪುಡಿಯು ಅನಿವಾರ್ಯವಲ್ಲ. ಆದರೆ ಅನ್ನ, ರಾಗಿ, ತುಪ್ಪಗಳನ್ನು ಬಿಟ್ಟು ಬರಿಯ ಪ್ರೋಟೀನನ್ನೇ ತಿಂದರೆ ಅದೂ ಇಂಧನವಾಗಿ ಉರಿದುಹೋಗುವುದು.

ಇದರೊಡನೆ ವಾರಕ್ಕೆ ಎರಡು ದಿನವಾದರೂ ಬಸ್ಕಿ, ದಂಡ, ಭಾರವೆತ್ತುವಿಕೆಗಳನ್ನು ಕ್ರಮವಾಗಿ ಮಾಡಬೇಕು. ಇದರಿಂದ ಮೈ ದಪ್ಪವಾಗಿ ವೇಗವು ಕುಂದುವುದೆಂಬ ಶಂಕೆ ಬೇಡ. ಬಲಗೊಂಡ ಕಾಲು ಅದೇ ವೇಗದಲ್ಲಿ ಕಡಮೆ ಶ್ರಮದಿಂದ ಓಡಬಲ್ಲುದು.

ವೈದ್ಯರು ನಮ್ಮ ಮೊಮ್ಮಗಳಿಗೆ ಕೆಲವು ತಿಂಗಳು ಓಟವನ್ನು ನಿಲ್ಲಿಸಿ, ಊಟವನ್ನು ಹೆಚ್ಚಿಸಿದರು. ಈಗ ಮುಟ್ಟು ಕ್ರಮಕ್ಕೆ ಬಂದಿದೆ. ತೂಕ ಮೂರು ಕಿಲೋಗ್ರಾಂ ಏರಿದೆ. ಓಟವೂ ಮರಳಿ ಆರಂಭವಾಗಿದೆ. ಹುಡುಗಿ ಇಂದಿಗೂ ತೆಳುಮೈಯವಳೇ. ಆದರೆ ರಾತ್ರಿ ನಮ್ಮ ಪಕ್ಕದಲ್ಲಿ ಎಲೆಗೆ ಕುಳಿತು, ಎರಡನೆಯ ಸಲ ಅನ್ನ ಬಡಿಸಿಕೊಳ್ಳುತ್ತಾಳೆ. ಸೊಸೆಯು ಏನಾದರೂ ಹೇಳಿದರೆ ನಾವು ಈಗ ಗ್ರಂಥವನ್ನು ತೆರೆಯುವುದಕ್ಕೆ ಮೊದಲು ಮಗುವನ್ನು ಕರೆದು ಕೇಳುತ್ತೇವೆ.