ವರ್ಷಕ್ಕೊಂದು ಪದ

ಹೊಸ ಡೈರಿಯ ಮೊದಲ ಪುಟದಲ್ಲಿ ನೀವು ಏನು ಬರೆಯುತ್ತೀರಿ? ಬೆಳಿಗ್ಗೆ ಐದಕ್ಕೆ ಏಳಬೇಕು, ದಿನವೂ ಆರು ಗಂಟೆ ಓದಬೇಕು, ಟಿ.ವಿ. ಮತ್ತು ಮೊಬೈಲು ಕಡಿಮೆ ಮಾಡಬೇಕು, ಇಂಗ್ಲಿಷ್ ಸುಧಾರಿಸಬೇಕು, ಸಿಟ್ಟು ಬಿಡಬೇಕು. ಪಟ್ಟಿ ಉದ್ದವಾಗುತ್ತದೆ. ಸಂಕ್ರಾಂತಿಯ ಎಳ್ಳು-ಬೆಲ್ಲ ಮುಗಿಯುವ ಹೊತ್ತಿಗೆ ಅದರಲ್ಲಿ ಏನೇನು ಇತ್ತೆಂದು ತಿಳಿಯಲು ಡೈರಿಯನ್ನೇ ತೆರೆದು ನೋಡಬೇಕಾಗುತ್ತದೆ. ಇಂಥ ಪಟ್ಟಿಗೆ ಬದಲಾಗಿ ವರ್ಷಕ್ಕೆ ಒಂದೇ ಪದವನ್ನು ಆರಿಸಿಕೊಳ್ಳುವ ಕ್ರಮವೊಂದಿದೆ. ಅದು ಹೇಗೆ ಸಹಾಯಕ, ಎಲ್ಲಿ ಸಾಲದು ಎಂಬುದನ್ನು ನೋಡೋಣ.

ಜಪಾನಿನಲ್ಲಿ, ನಮ್ಮಲ್ಲಿ

ಜಪಾನಿನಲ್ಲಿ ಜನವರಿ 2ರಂದು 'ಕಾಕಿಝೋಮೆ' ಎಂಬ ಆಚರಣೆ ಇದೆ. ವರ್ಷದ ಮೊದಲ ಬರಹ ಎಂದು ಇದರ ಅರ್ಥ. ಕುಂಚವನ್ನು ಮಸಿಯಲ್ಲಿ ಅದ್ದಿ, ಉದ್ದನೆಯ ಕಾಗದದ ಮೇಲೆ ಹೊಸ ವರ್ಷಕ್ಕೆ ತಕ್ಕ ಒಂದು ಪದವನ್ನೋ ಸಣ್ಣ ನುಡಿಯನ್ನೋ ಬರೆಯುತ್ತಾರೆ. ಶಾಲಾ ಮಕ್ಕಳಿಗೆ ಇದನ್ನು ಚಳಿಗಾಲದ ರಜೆಯ ಮನೆಗೆಲಸವಾಗಿ ಕೊಡುವುದೂ ಉಂಟು. ಜನವರಿ ಮಧ್ಯಭಾಗದಲ್ಲಿ ಹಲವೆಡೆ ಆ ಕಾಗದಗಳನ್ನು ಬೆಂಕಿಗೆ ಹಾಕುತ್ತಾರೆ. ಉರಿಯುವ ಕಾಗದ ಎತ್ತರಕ್ಕೆ ಹಾರಿದರೆ ಅಕ್ಷರ ದುಂಡಗಾಗುತ್ತದೆಂಬ ನಂಬಿಕೆ ಅಲ್ಲಿದೆ.

ನಮ್ಮಲ್ಲಿ ವರ್ಷಕ್ಕೆ ಪಂಚಾಂಗವೇ ಒಂದು ಹೆಸರು ಕೊಡುತ್ತದೆ. ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರಗಳು. 2025ರ ಯುಗಾದಿಯಿಂದ ಎಣಿಕೆಯಾಗುವುದು ವಿಶ್ವಾವಸು, 2026ರ ಯುಗಾದಿಯಿಂದ ಎಣಿಕೆಯಾಗುವುದು ಪರಾಭವ. ಪರಾಭವ ಎಂದರೆ ಸೋಲು. ಹಾಗೆಂದು ಆ ವರ್ಷ ಪರೀಕ್ಷೆ ಬರೆದವರೆಲ್ಲ ಸೋಲಬೇಕೆ? ಇಲ್ಲ. ಹಾಜರಿ ಪುಸ್ತಕದ ಕ್ರಮಸಂಖ್ಯೆಯಂತೆ ಆ ಹೆಸರು ಸರದಿಯಲ್ಲಿ ಬರುತ್ತದೆ, ಅಷ್ಟೆ. ನಾವಾಗಿ ಆರಿಸಿಕೊಳ್ಳುವ ಪದದ ಕೆಲಸ ಬೇರೆ. ಅದು ನಮಗೆ ನಾವೇ ಕೊಟ್ಟುಕೊಳ್ಳುವ ಸೂಚನೆ.

ಒಂದು ಪದದಲ್ಲಿ ಬಹಳಷ್ಟನ್ನು ಹಿಡಿದಿಡುವುದು ಕನ್ನಡಕ್ಕೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಶರಣರು 'ಕಾಯಕ' ಎಂಬ ಪದದಲ್ಲಿ ಒಂದು ಜೀವನಕ್ರಮವನ್ನೇ ಹೇಳಿದರು. ಕುವೆಂಪು ಅವರು ತಮ್ಮ ವಿಚಾರಸಾರವನ್ನು ಮನುಜಮತ, ವಿಶ್ವಪಥ, ಸರ್ವೋದಯ, ಸಮನ್ವಯ, ಪೂರ್ಣದೃಷ್ಟಿ ಎಂಬ ಐದು ಪದಗಳಲ್ಲಿ ಕೊಟ್ಟರು.

ಒಂದೇ ಪದ ಏಕೆ?

ಮನಸ್ಸು ಒಂದೇ ಹೊತ್ತಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳಿಗೆ ಮಿತಿ ಇದೆ. ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಈ ಮಿತಿ ಏಳರ ಆಸುಪಾಸು ಎಂದರು. 2001ರಲ್ಲಿ ನೆಲ್ಸನ್ ಕೋವನ್ ಅದು ನಾಲ್ಕರಷ್ಟೇ ಎಂದು ವಾದಿಸಿದರು. ಸಂಜೆ ಪುಸ್ತಕ ತೆರೆಯಬೇಕೋ ಬೇಡವೋ ಎಂಬ ಹೊತ್ತಿನಲ್ಲಿ ಹತ್ತು ಸಂಕಲ್ಪಗಳ ಪಟ್ಟಿ ಕಣ್ಮುಂದೆ ಬಾರದಿರುವುದು ಸಹಜ. ಒಂದು ಪದವಾದರೆ ಅದಕ್ಕೆ ಜಾಗ ಸಿಗುತ್ತದೆ.

ದೂರದರ್ಶನದ ಚರ್ಚಾ ಕಾರ್ಯಕ್ರಮವನ್ನೇ ಗಮನಿಸಿ. ಮಾತು ಎಲ್ಲೆಲ್ಲಿಗೋ ಹರಿದಾಗ ನಿರೂಪಕರು ಅದನ್ನು ಮತ್ತೆ ವಿಷಯಕ್ಕೆ ತರುತ್ತಾರೆ. ವಿಷಯ ಅವರ ಮನಸ್ಸಿನಲ್ಲಿ ಚಿಕ್ಕದಾಗಿ, ಸ್ಪಷ್ಟವಾಗಿ ಇದ್ದರೆ ಮಾತ್ರ ಅದು ಸಾಧ್ಯ. ನಿಮ್ಮ ಪದವೂ ಹೀಗೆ ನಿಮ್ಮನ್ನು ವಿಷಯಕ್ಕೆ ಕರೆತರಬೇಕು.

ಎಂಥ ಪದ?

'ರ‍್ಯಾಂಕ್', 'ಗೆಲುವು', 'ಮೆಡಿಕಲ್ ಸೀಟು' ಇಂಥವನ್ನು ಬಿಡಿ. ಇವು ಫಲಗಳು. ಇವು ಪ್ರಶ್ನೆಪತ್ರಿಕೆಯನ್ನೂ ಜೊತೆಗೆ ಬರೆಯುವ ಸಾವಿರಾರು ಮಂದಿಯನ್ನೂ ಅವಲಂಬಿಸಿವೆ. ನಿಮ್ಮ ಕೈಯಲ್ಲಿರುವ ಕೆಲಸವನ್ನು ಹೇಳುವ ಪದ ಬೇಕು. ಓದು, ಮನೆ, ಗೆಳೆತನ ಮೂರಕ್ಕೂ ಅದು ಹೊಂದಬೇಕು. ನೀವು ಮನೆಯಲ್ಲಿ ಆಡುವ ಮಾತಿನದೇ ಆದರೆ ಇನ್ನೂ ಒಳ್ಳೆಯದು.

ಉದಾಹರಣೆಗೆ 'ಕೇಳು' ಎಂಬ ಪದ. ಕನ್ನಡದಲ್ಲಿ ಇದಕ್ಕೆ ಕಿವಿಗೊಡುವುದು, ಪ್ರಶ್ನೆ ಹಾಕುವುದು ಎಂಬ ಎರಡು ಅರ್ಥ. ಜೊತೆಯವರು ನಕ್ಕಾರು ಎಂದು ತರಗತಿಯಲ್ಲಿ ಬಾಯಿ ಬಿಡದವರಿಗೆ ಎರಡನೆಯ ಅರ್ಥ ಬೇಕು. ಅಜ್ಜಿಯ ಮಾತು ಮುಗಿಯುವ ಮೊದಲೇ ಎದ್ದು ಹೋಗುವವರಿಗೆ ಮೊದಲನೆಯದು ಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಎರಡೂ ಬೇಕಾದೀತು.

ಪದವೊಂದೇ ಸಾಲದು

ಪದವನ್ನು ಗೋಡೆಗೆ ಅಂಟಿಸಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಪೀಟರ್ ಗಾಲ್ವಿಟ್ಜರ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳುಹಿಸಲು ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಎಲ್ಲಿ, ಯಾವಾಗ ಬರೆಯುತ್ತೇವೆಂದು ಮೊದಲೇ ನಿಶ್ಚಯಿಸಿದವರಲ್ಲಿ ಸುಮಾರು ನಾಲ್ಕರಲ್ಲಿ ಮೂವರು ಹೊತ್ತಿಗೆ ಸರಿಯಾಗಿ ಬರೆದರು. ಹಾಗೆ ನಿಶ್ಚಯಿಸದವರಲ್ಲಿ ಬರೆದವರು ಸುಮಾರು ಮೂವರಲ್ಲಿ ಒಬ್ಬರು. ಆದ್ದರಿಂದ ಪದಕ್ಕೆ ಹೊತ್ತು, ಸ್ಥಳ ಕೊಡಿ: "ಗಣಿತದ ತರಗತಿ ಮುಗಿದು ಮೇಷ್ಟ್ರು ಹೊರಡುವ ಮೊದಲು, ತಿಳಿಯದ ಒಂದು ಹೆಜ್ಜೆಯನ್ನು ಕೇಳುತ್ತೇನೆ."

ಎಷ್ಟು ದಿನಕ್ಕೆ ಇದು ಅಭ್ಯಾಸವಾದೀತು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿ, 2010ರಲ್ಲಿ ಅಚ್ಚಾದ ಲೇಖನದಲ್ಲಿ ಉತ್ತರ ಕೊಟ್ಟಿದ್ದಾರೆ. ನಡುವಣ ಅಂದಾಜು 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೂ ವ್ಯತ್ಯಾಸವಿತ್ತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ ಎಂಬುದೂ ಅಲ್ಲಿ ಕಂಡಿತು. "ಒಂದು ದಿನ ತಪ್ಪಿತು, ಇನ್ನು ಮುಗಿಯಿತು" ಎಂದು ಡೈರಿ ಮುಚ್ಚುವವರು ಈ ಮಾತನ್ನು ನೆನಪಿಡಬೇಕು.

ಒಂದು ಎಚ್ಚರಿಕೆ

ನಿಮ್ಮ ಪದ ನಿಮ್ಮನ್ನೇ ಹೊಡೆಯುವ ಬೆತ್ತವಾಗಬಾರದು. ಅಪ್ಪ ಅಮ್ಮನ ನಿರೀಕ್ಷೆ, ನೆರೆಮನೆಯವರ ಮಗಳ ಅಂಕ ಇವುಗಳಿಂದ ಹುಟ್ಟಿದ ಪದವನ್ನು ಬಿಟ್ಟುಬಿಡಿ. ದಿನಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸಿದರೆ ಯಾವ ಪದವೂ ಮದ್ದಲ್ಲ. ನಂಬಿಕೆಯ ಹಿರಿಯರೊಬ್ಬರಿಗೆ ಆಗಲೇ ಹೇಳಿ. ಭಾರತ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯೂ ಇದೆ. ಅದರ ಸಂಖ್ಯೆ 14416, ಕನ್ನಡದಲ್ಲೂ ಮಾತನಾಡಬಹುದು. ಸಹಾಯ ಕೇಳುವುದೂ 'ಕೇಳು' ಎಂಬ ಪದದೊಳಗೇ ಇದೆ.

ಈಗ ನಿಮ್ಮ ಸರದಿ. ಐದು ಪದ ಬರೆಯಿರಿ. ಮೂರು ದಿನ ಬಿಟ್ಟು, ನೋಡದೆ ನೆನಪಾಗುವ ಪದವನ್ನು ಉಳಿಸಿಕೊಳ್ಳಿ. ಅದರ ಕೆಳಗೆ ಹೊತ್ತು, ಸ್ಥಳ, ಒಂದು ಸಣ್ಣ ಕೆಲಸ ಬರೆಯಿರಿ. ಜನವರಿ ಕಳೆದಿದ್ದರೂ ಚಿಂತೆಯಿಲ್ಲ. ಯುಗಾದಿ ಇದೆ, ಶಾಲೆ-ಕಾಲೇಜು ತೆರೆಯುವ ದಿನವಿದೆ, ನಿಮ್ಮ ಹುಟ್ಟುಹಬ್ಬವೂ ಇದೆ.