ಪುಟ್ಟ ವಿಮಾನಕ್ಕೆ ಎಂಥ ಡ್ರಿಲ್?

ಪರೀಕ್ಷೆ ಮುಗಿದು ರಜೆ ಬಂತೆಂದರೆ ನಮ್ಮನೆ ಊಟದ ಮೇಜು ವಿಮಾನ ನಿಲ್ದಾಣವಾಗುತ್ತದೆ. ಒಂಬತ್ತನೇ ಕ್ಲಾಸಿನ ಮಗನಿಗೆ ಪ್ಲಾಸ್ಟಿಕ್ ಮಾಡೆಲ್ ಜೋಡಿಸುವ ಹುಚ್ಚು. ಕಳೆದ ರಜೆಯಲ್ಲಿ ರೆಕ್ಕೆಗೊಂದು ಸಣ್ಣ ತೂತು ಬೇಕು ಅಂದ. ಪರಿಚಯದವರ ಹತ್ತಿರ ಇದ್ದ ರೋಟರಿ ಟೂಲ್ ತಂದು ನಾನೇ ಕೊಟ್ಟೆ. ಸ್ವಿಚ್ ಒತ್ತಿದ್ದೇ ತಡ, ತೂತಿನ ಸುತ್ತ ಪ್ಲಾಸ್ಟಿಕ್ ಕರಗಿ ಮುದ್ದೆಯಾಯ್ತು! ಹದಿನೈದು ದಿನದ ಶ್ರಮ. ಮಗ ಅಳಲಿಲ್ಲ, ಡಬ್ಬಿ ಮುಚ್ಚಿ ಎದ್ದು ಹೋದ. ನನಗೆ ಅದೇ ಹೆಚ್ಚು ನೋವಾಯ್ತು.

ತಪ್ಪು ಅವನದಲ್ಲ, ವೇಗದ್ದು. ಇಂಥ ಕಿಟ್‌ಗಳು ಹೆಚ್ಚಾಗಿ ಪಾಲಿಸ್ಟೈರೀನ್‌ನಿಂದ ಮಾಡಿದವು. ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಅದು ಮೆತ್ತಗಾಗುತ್ತದೆ. ರೋಟರಿ ಟೂಲ್ ನಿಮಿಷಕ್ಕೆ 30,000 ಸುತ್ತಿನವರೆಗೂ ತಿರುಗಬಲ್ಲದು. ಆ ತಿಕ್ಕಾಟದ ಬಿಸಿಗೆ ಪ್ಲಾಸ್ಟಿಕ್ ಕರಗದೆ ಇರುತ್ತದೆಯೇ?

ಕೊಳ್ಳುವ ಮುನ್ನ

* ಅತಿ ಹೆಚ್ಚು ವೇಗ ಎಷ್ಟು ಅಂತಲ್ಲ, ಅತಿ ಕಡಿಮೆ ವೇಗ ಎಷ್ಟು ಅಂತ ಕೇಳಿ. 5,000 ಸುತ್ತು ಅಥವಾ ಅದಕ್ಕೂ ಕಡಿಮೆಯಿಂದ ಶುರುವಾಗುವಂಥದ್ದು ಒಳ್ಳೆಯದು. ವೇಗ ಬದಲಿಸುವ ಗುಂಡಿ ಇರಲೇಬೇಕು.

* ಗೋಡೆ ಕೊರೆಯುವ ಡ್ರಿಲ್ ಬೇಡ. ಅದರ ಭಾರಕ್ಕೇ ತೆಳು ಪ್ಲಾಸ್ಟಿಕ್ ಸೀಳಬಹುದು.

* ಉಗುರು ತಿದ್ದುವ ನೇಲ್ ಡ್ರಿಲ್ ಇದೆಯಾ? ಪೆನ್ನಿನಂತೆ ಹಿಡಿಯಬಹುದು, ನಿಧಾನಕ್ಕೂ ತಿರುಗುತ್ತದೆ. ಆದರೆ ಅದರ ಬಿಟ್ ಸಾಮಾನ್ಯವಾಗಿ 2.35 ಮಿ.ಮೀ. ದಪ್ಪ, ರೋಟರಿ ಟೂಲ್‌ನದು 3.2 ಮಿ.ಮೀ. ನೋಡಿಕೊಂಡು ಕೊಳ್ಳಿ.

* ನಾಲ್ಕಾರು ತೂತಿಗಷ್ಟೇ ಆದರೆ ಕೈಯಲ್ಲೇ ತಿರುಗಿಸುವ ಪಿನ್ ವೈಸ್ ಸಾಕು. ಖರ್ಚೂ ಕಡಿಮೆ, ಕರೆಂಟೂ ಬೇಡ.

ಬಳಸುವಾಗ

* ಕಿಟ್‌ನ ಬಿಡಿಭಾಗ ಕತ್ತರಿಸಿದ ಮೇಲೆ ಉಳಿಯುವ ಚೌಕಟ್ಟನ್ನು ಎಸೆಯಬೇಡಿ. ಮೊದಲು ಅದರ ಮೇಲೆ ಪ್ರಯೋಗ ಮಾಡಲಿ.

* ಒತ್ತಿ ಹಿಡಿಯದೆ ಮುಟ್ಟಿ ಮುಟ್ಟಿ ಬಿಡಬೇಕು. ನಡುವೆ ಪ್ಲಾಸ್ಟಿಕ್ ಆರಲಿ.

* ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ. ಉದ್ದ ಕೂದಲು ಕಟ್ಟಿರಲಿ, ದುಪಟ್ಟಾ, ಸಡಿಲ ತೋಳು, ಬಟ್ಟೆಯ ಕೈಗವಸು ಬೇಡ. ಬಿಟ್ ಬದಲಿಸುವಾಗ ಪ್ಲಗ್ ತೆಗೆಯಿರಿ. ಮಕ್ಕಳ ಪಕ್ಕದಲ್ಲಿ ದೊಡ್ಡವರೊಬ್ಬರು ಇರಲೇಬೇಕು.

* ಕೊನೆಯ ನಯಗಾರಿಕೆಗೆ ಯಂತ್ರ ಬೇಡ. 400, 600, 1000 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ಉಜ್ಜಿದರೆ ದೂಳೂ ಏಳದು.

ವಾರದ ನಂತರ ಮಗನ ಜೊತೆ ನಾನೂ ಕೂತೆ. ಪುಟ್ಟಿ ತುಂಬಿ, ಒಣಗಿಸಿ, ಉಜ್ಜಿ, ಪಿನ್ ವೈಸಿನಲ್ಲಿ ಮತ್ತೆ ತೂತು ಕೊರೆದೆವು. ವಿಮಾನವೀಗ ಶೋಕೇಸಿನಲ್ಲಿದೆ. ರೆಕ್ಕೆಯ ಗಾಯ ಹುಡುಕಿದರೂ ಕಾಣದು. "ಅಮ್ಮಾ, ಮುಂದಿನ ಸಲ ಹಡಗು ಮಾಡೋಣ್ವಾ?" ಅಂತ ಕೇಳಿದ್ದಾನೆ!